ಕೊನೆಯ ಪಂದ್ಯಕ್ಕೆ ಬಾರದ ಹುಡುಗರು

(ಓಹಾಯೋದ ಕೊಲಂಬಸ್ಸಿನಲ್ಲಿ ನಮ್ಮ ಕನ್ನಡ ಗೆಳೆಯರ ಸಂಕ್ರಾಂತಿ ಕೂಟದಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದದ್ದು. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಎಳ್ಳು ಬೆಲ್ಲ ಹಂಚಿ ಆಯಿತು. ಈ ಚಳಿಯಲ್ಲಿ ಕಬ್ಬು ಎಲ್ಲಿಂದ ತಂದರೋ ಗೊತ್ತಿಲ್ಲ, ಅದೂ ಆಯಿತು. ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆಯಂತೆ. ಅಷ್ಟರೊಳಗೆ ಏನಾದರೂ ಮಾತಾಡಿ ಅಂದರು. ಏನು ಮಾತಾಡಲಿ ಅಂದೆ. 'ಚಳಿಗಾಲ ಪೂರ್ತಿ ನಿಮ್ಮ ಬಾಯಲ್ಲಿ ಫುಟ್‌ಬಾಲ್ ಬಿಟ್ಟು ಬೇರೆ ಬರಲ್ಲ, ಅದನ್ನೇ ಹೇಳಿ' ಅಂದರು. ಹೊಗಳಿಕೆ ಅಂದುಕೊಂಡು ಒಪ್ಪಿಕೊಂಡೆ.

ಊರಿಂದ ಬಂದಿರುವ ಅಪ್ಪ ಅಮ್ಮಂದಿರು, ಅಜ್ಜಿಯರು ಇದ್ದೀರಿ. ನಿಮಗಾಗಿ ಮೊದಲು ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಆಟ ಅಲ್ಲ. ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಿನವರು ಹಿಡಿದು ಕೆಡವಬೇಕು. ಕಬಡ್ಡಿ ನೋಡಿದವರಿಗೆ ಬೇಗ ಅರ್ಥ ಆಗುತ್ತದೆ. ಆದರೆ ಇಲ್ಲಿ ಕೆಡವುವವನು ನೂರು ಕಿಲೋ ಮೇಲೇ ಇರುತ್ತಾನೆ. ಪೂರಾ ವೇಗದಲ್ಲಿ ಬಂದು ಗುದ್ದುತ್ತಾನೆ.

ಕಾಲೇಜು ಹುಡುಗರ ಆಟ ಅಂದ ಕೂಡಲೇ ನಮ್ಮ ಇಂಟರ್ ಕಾಲೇಜು ಟೂರ್ನಮೆಂಟ್ ನೆನಪು ಮಾಡಿಕೊಳ್ಳಬೇಡಿ. ನಮ್ಮೂರಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಮೈದಾನ ಕುದುರೆ ಲಾಳದ ಆಕಾರದ್ದು. ಅದರಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಜನ ಕೂರುತ್ತಾರೆ. ಚಿನ್ನಸ್ವಾಮಿ ಮೈದಾನದ ಜನ ಎರಡು ಸಲ ತುಂಬಿದರೂ ಜಾಗ ಮಿಗುತ್ತದೆ. ನವೆಂಬರ್ ಕೊನೆಯ ಶನಿವಾರ ನಮ್ಮ ಬದ್ಧ ಎದುರಾಳಿ ಮಿಷಿಗನ್ ಜೊತೆ ಪಂದ್ಯ ಇರುತ್ತದೆ. ಒಂದು ವರ್ಷ ಅದೇ ದಿನ ರಾಜ್ಯೋತ್ಸವ ಇಟ್ಟುಕೊಂಡು ನಾವು ಬುದ್ಧಿ ಕಲಿತೆವು. 200 ಜನಕ್ಕೆ ಬಿಸಿಬೇಳೆಬಾತ್ ಮಾಡಿಸಿದ್ದೆವು, ಬಂದವರು 40. ಮೂರು ದಿನ ಎಲ್ಲರ ಮನೆಯಲ್ಲೂ ಅದೇ ಊಟ.

ಇನ್ನು ಬೌಲ್ ಪಂದ್ಯ. ಕಾಲೇಜುಗಳ ಆಟ ನವೆಂಬರ್‌ಗೆ ಹೆಚ್ಚುಕಮ್ಮಿ ಮುಗಿಯುತ್ತದೆ. ಆಮೇಲೆ ಕ್ರಿಸ್‌ಮಸ್, ಹೊಸ ವರ್ಷದ ಆಸುಪಾಸಿನಲ್ಲಿ ಚೆನ್ನಾಗಿ ಆಡಿದ ತಂಡಗಳನ್ನು ಎರಡೆರಡು ಜೋಡಿ ಮಾಡಿ, ಬಿಸಿಲಿರುವ ಊರಿಗೆ ಕರೆಸಿ, ಒಂದೊಂದು ಪಂದ್ಯ ಆಡಿಸುತ್ತಾರೆ. ಇದು ಶುರುವಾದದ್ದೇ ಪ್ರವಾಸಿಗಳಿಗಾಗಿ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹೊಸ ವರ್ಷಕ್ಕೆ ಗುಲಾಬಿ ಹೂವಿನ ಮೆರವಣಿಗೆ ಆಗುತ್ತಿತ್ತು. ಚಳಿ ಪ್ರದೇಶದ ಜನರನ್ನು ಎಳೆಯಲು 1902ರಲ್ಲಿ ಅದರ ಜೊತೆಗೆ ಒಂದು ಫುಟ್‌ಬಾಲ್ ಪಂದ್ಯ ಇಟ್ಟರು. ಮಿಷಿಗನ್ 49, ಸ್ಟ್ಯಾನ್‌ಫೋರ್ಡ್ ಸೊನ್ನೆ. ಇನ್ನೂ 8 ನಿಮಿಷ ಬಾಕಿ ಇರುವಾಗಲೇ ಸ್ಟ್ಯಾನ್‌ಫೋರ್ಡ್‌ನವರು 'ಸಾಕಪ್ಪಾ' ಅಂತ ಕೈ ಎತ್ತಿಬಿಟ್ಟರು. ಸಂಘಟಕರಿಗೆ ಎಷ್ಟು ಬೇಜಾರಾಯಿತೆಂದರೆ ಮುಂದೆ ಕೆಲವು ವರ್ಷ ಫುಟ್‌ಬಾಲ್ ಬಿಟ್ಟು ರಥದ ಓಟ ನಡೆಸಿದರು. 1916ರಿಂದ ಫುಟ್‌ಬಾಲ್ ವಾಪಸ್ ಬಂತು. 1922ರಲ್ಲಿ ಬಟ್ಟಲಿನಂಥ ದೊಡ್ಡ ಮೈದಾನ ಕಟ್ಟಿದರು, ಅದಕ್ಕೆ ರೋಸ್ ಬೌಲ್ ಅಂತ ಹೆಸರಿಟ್ಟರು. ಆ ಬಟ್ಟಲಿನ ಹೆಸರೇ ಇಂಥ ಎಲ್ಲ ಪಂದ್ಯಗಳಿಗೂ ಅಂಟಿಕೊಂಡಿತು. ಈಗ ಇಂಥವು 40ರ ಹತ್ತಿರ ಇವೆ. ಆಲೂಗಡ್ಡೆ ಹೆಸರಲ್ಲಿ ಒಂದು, ಮೇಯೊನೇಸ್ ಹೆಸರಲ್ಲಿ ಒಂದು. ಮೇಯೊನೇಸ್ ಬೌಲ್‌ನಲ್ಲಿ ಗೆದ್ದ ಕೋಚ್ ತಲೆ ಮೇಲೆ ಬಕೆಟ್‌ಗಟ್ಟಲೆ ಮೇಯೊನೇಸ್ ಸುರಿಯುತ್ತಾರೆ. ಸುಳ್ಳಲ್ಲ ಅಮ್ಮ, ಬೇಕಾದರೆ ಆಮೇಲೆ ಫೋನಲ್ಲಿ ತೋರಿಸುತ್ತೇನೆ.

ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪಂದ್ಯಗಳು ಬೇರೆ. 2014ರ ಸೀಸನ್‌ನಿಂದ 4 ತಂಡಗಳಿಗೆ, 2024ರಿಂದ 12 ತಂಡಗಳಿಗೆ ಪ್ಲೇಆಫ್ ಇದೆ. ಮಿಕ್ಕ ಬೌಲ್‌ಗಳಲ್ಲಿ ಗೆದ್ದರೆ ಒಂದು ಕಪ್, ಸೋತರೆ ಏನೂ ಇಲ್ಲ. ನಾನಿವತ್ತು ಹೇಳಹೊರಟಿರುವುದು ಈ ಮಿಕ್ಕ ಬೌಲ್‌ಗಳ ಕಥೆ. ತಂಡದ ಅತಿ ಒಳ್ಳೆಯ ಆಟಗಾರ 'ನಾನು ಈ ಪಂದ್ಯ ಆಡಲ್ಲ' ಅನ್ನುತ್ತಾನೆ. ಗಾಯವಿಲ್ಲ, ಜಗಳವಿಲ್ಲ. ಇನ್ನು ನಾಲ್ಕು ತಿಂಗಳಲ್ಲಿ, ಏಪ್ರಿಲ್ ಕೊನೆಗೆ, ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗಿನ ಡ್ರಾಫ್ಟ್ ಇದೆ. ಅಲ್ಲಿ 32 ವೃತ್ತಿಪರ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ. ಎಷ್ಟನೆಯವನಾಗಿ ಆಯ್ಕೆಯಾದೆ ಅನ್ನುವುದರ ಮೇಲೆ ಸಂಬಳ. ಅಲ್ಲಿಯವರೆಗೆ ಮೊಣಕಾಲು ಮುರಿಯದೆ ಇದ್ದರೆ ಸಾಕು ಅನ್ನುವುದು ಅವನ ಲೆಕ್ಕ.

ಈ ಹುಡುಗರನ್ನು ನಾನು ಬಾಯಿಗೆ ಬಂದ ಹಾಗೆ ಬೈದವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2016ರ ಡಿಸೆಂಬರ್. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಲೆನಾರ್ಡ್ ಫೋರ್ನೆಟ್ ಸಿಟ್ರಸ್ ಬೌಲ್ ಆಡಲ್ಲ ಅಂದ. ಕೆಲವೇ ದಿನಕ್ಕೆ ಸ್ಟ್ಯಾನ್‌ಫೋರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ ಸನ್ ಬೌಲ್‌ಗೆ ಬರಲ್ಲ ಅಂದ. ಇಬ್ಬರೂ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಗುಂಪಿನೊಳಗೆ ನುಗ್ಗುವವರು. ಪಂದ್ಯದಲ್ಲಿ ಜಾಸ್ತಿ ಏಟು ಬೀಳುವುದು ಅವರಿಗೇ. ಇಷ್ಟು ದೊಡ್ಡ ಹೆಸರಿನವರು ಹೀಗೆ ಬಹಿರಂಗವಾಗಿ ಹೇಳಿ ಕೂತದ್ದು ಹೊಸದು. ಆಫೀಸಿನ ಕ್ಯಾಂಟೀನಿನಲ್ಲಿ ಅದೇ ಮಾತು. ನಾನು ಮೊಸರನ್ನದ ಡಬ್ಬಿ ತೆರೆಯುತ್ತಾ ಭಾಷಣ ಮಾಡಿದೆ. 'ಮೂರು ವರ್ಷ ಪುಕ್ಕಟೆ ಓದಿಸಿದ ಕಾಲೇಜಿಗೆ ಮೂರು ಗಂಟೆ ಕೊಡಲಿಕ್ಕೆ ಆಗಲ್ವಾ? ಜೊತೆಯವರಿಗೆ ಕೈಕೊಟ್ಟು ಹೋಗುವುದಾ?' ಅಂದೆ. ಎಲ್ಲರೂ ತಲೆ ಆಡಿಸಿದರು.

ಈಗ ನಾಚಿಕೆಯಾಗುವುದು ಯಾಕೆಂದರೆ, ಅದಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ಮೊದಲು ನಾನು ಒಂದು ಮೊಣಕಾಲು ಹಾಳಾಗುವುದನ್ನು ಕಣ್ಣಾರೆ ನೋಡಿದ್ದೆ. 2016ರ ಜನವರಿ 1. ಅರಿಜೋನಾದಲ್ಲಿ ಫಿಯೆಸ್ಟಾ ಬೌಲ್. ನಮ್ಮ ಓಹಾಯೋ ಸ್ಟೇಟ್, ಎದುರಿಗೆ ನೋಟರ್ ಡೇಮ್ ವಿಶ್ವವಿದ್ಯಾಲಯ. ನಮ್ಮ ಮನೆಯಲ್ಲೇ ಎಂಟು ಹತ್ತು ಜನ ಸೇರಿದ್ದೆವು. ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಎದುರಾಳಿ ತಂಡದಲ್ಲಿ ಜೇಲನ್ ಸ್ಮಿತ್ ಅನ್ನುವ ಲೈನ್‌ಬ್ಯಾಕರ್, ಅಂದರೆ ಚೆಂಡು ಹಿಡಿದು ಬರುವವರನ್ನು ಕೆಡವುವವನು. ಆ ವರ್ಷ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್ ಪ್ರಶಸ್ತಿ ಅವನಿಗೇ ಬಂದಿತ್ತು. ಡ್ರಾಫ್ಟ್‌ನಲ್ಲಿ ಮೊದಲ ಐದರಲ್ಲಿ ಹೋಗುತ್ತಾನೆ ಅಂತ ತಿಳಿದವರೆಲ್ಲ ಹೇಳುತ್ತಿದ್ದರು. ಅವನ ಅಣ್ಣ ರಾಡ್ ಸ್ಮಿತ್ ನಮ್ಮದೇ ಓಹಾಯೋ ಸ್ಟೇಟ್‌ನಲ್ಲಿ ಆಡಿದವನು, ಹಾಗಾಗಿ ಹುಡುಗ ನಮಗೂ ಗೊತ್ತು.

ಮೊದಲ ಕ್ವಾರ್ಟರ್, ಅಂದರೆ ಆಟದ ಮೊದಲ ಕಾಲು ಭಾಗ, ಇನ್ನೂ ಮುಗಿದಿರಲಿಲ್ಲ. ಚೆಂಡು ಬೇರೆ ಕಡೆ ಇತ್ತು. ಸ್ಮಿತ್ ಓಡುತ್ತಾ ನಿಧಾನ ಮಾಡುತ್ತಿದ್ದ. ನಮ್ಮ ಕಡೆಯ, ಮುಂದಿನ ಸಾಲಲ್ಲಿ ಅಡ್ಡಗಟ್ಟುವ ಆಟಗಾರ ಒಬ್ಬ ಬಂದು ತಳ್ಳಿದ. ಎಡಗಾಲು ನೆಲಕ್ಕೆ ಊರಿ, ಮೊಣಕಾಲು ಬದಿಗೆ ಬಾಗಿತು. ಮನುಷ್ಯರ ಮೊಣಕಾಲು ಬಾಗಬಾರದ ಕಡೆಗೆ. ಅವನು ಬಿದ್ದು ಕಾಲು ಹಿಡಿದುಕೊಂಡ. ಟಿವಿಯವರು ಮತ್ತೆ ಮತ್ತೆ ತೋರಿಸಿದರು. ನಮ್ಮ ಹಾಲ್‌ನಲ್ಲಿ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಯಾರೋ 'ಇನ್ನು ಝೀಕ್‌ಗೆ ದಾರಿ ಸಲೀಸು' ಅಂದರು. ಝೀಕ್ ಅಂದರೆ ಎಝೀಕಿಯಲ್ ಎಲಿಯಟ್, ನಮ್ಮ ರನ್ನಿಂಗ್ ಬ್ಯಾಕ್. ನಾವು ನಕ್ಕೆವು. ನಾನೂ ನಕ್ಕೆ. ಬಜ್ಜಿ ಬಂತು. ಝೀಕ್ ಅವತ್ತು 4 ಟಚ್‌ಡೌನ್ ಹೊಡೆದ, ಅಂದರೆ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ, ನಾವು 44-28ಕ್ಕೆ ಗೆದ್ದೆವು.

ಸ್ಮಿತ್‌ಗೆ ಆದದ್ದು ಇಷ್ಟು. ಮೊಣಕಾಲಿನ ಎರಡು ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು, ಹರಿದವು. ಅದು ಬಿಡಿ, ವರ್ಷದಲ್ಲಿ ಸರಿಹೋಗುತ್ತದೆ. ಆದರೆ ಪಕ್ಕದಲ್ಲಿ ಹಾದುಹೋಗುವ ಒಂದು ನರಕ್ಕೂ ಏಟು ಬಿತ್ತು. ಪಾದವನ್ನು ಮೇಲಕ್ಕೆತ್ತುವ ನರ ಅದು. ಅದು ಕೆಲಸ ಮಾಡದಿದ್ದರೆ ನಡೆಯುವಾಗ ಪಾದ ಜೋತುಬೀಳುತ್ತದೆ, ಬೆರಳು ನೆಲಕ್ಕೆ ಎಡವುತ್ತದೆ. ಹೀಗೆ ಪೆಟ್ಟಾದ ನರ ಮತ್ತೆ ಬೆಳೆಯಬೇಕೆಂದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ ತಿಂಗಳಿಗೆ ಒಂದು ಇಂಚು. ಮೊಣಕಾಲಿಂದ ಪಾದ ಎಷ್ಟು ದೂರ ಇದೆ, ಕೂತಲ್ಲೇ ಅಳೆದುಕೊಳ್ಳಿ. ಅದೂ ಬೆಳೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾವ ಡಾಕ್ಟರೂ ಗ್ಯಾರಂಟಿ ಕೊಡಲ್ಲ.

ಡ್ರಾಫ್ಟ್‌ಗೆ ಮೊದಲು, ಫೆಬ್ರವರಿ ಕೊನೆಗೆ, ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರ ಪರೀಕ್ಷೆ ನಡೆಯುತ್ತದೆ. ಓಟ, ನೆಗೆತ ಎಲ್ಲ ಟಿವಿಯಲ್ಲಿ ಬರುತ್ತದೆ. ನಿಜವಾದ ಪರೀಕ್ಷೆ ಒಳಗಿನ ಕೋಣೆಗಳಲ್ಲಿ. 32 ತಂಡಗಳ ಡಾಕ್ಟರುಗಳು ಒಬ್ಬೊಬ್ಬರಾಗಿ ಬಂದು ಅದೇ ಮೊಣಕಾಲನ್ನು ಎಳೆದು, ತಿರುವಿ, ಒತ್ತಿ ನೋಡುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡುವುದನ್ನು ನಮ್ಮಲ್ಲಿ ಕೆಲವರು ಕಂಡಿರಬಹುದು. ಹಾಗೇ. ಸ್ಮಿತ್‌ನ ಕಾಲು ನೋಡಿ ಹಲವು ತಂಡಗಳು ಹಿಂದೆ ಸರಿದವು. ಮೊದಲ ಐದರಲ್ಲಿ ಹೋಗಬೇಕಾದವನು 34ನೆಯವನಾಗಿ ಹೋದ. ಆರಿಸಿದ್ದು ಡಲ್ಲಾಸ್ ಕೌಬಾಯ್ಸ್. ಅವನ ಕಾಲಿಗೆ ಆಪರೇಶನ್ ಮಾಡಿದವರು ಅದೇ ತಂಡದ ಡಾಕ್ಟರು, ಒಳಗಿನ ಸಂಗತಿ ಅವರಿಗೆ ಗೊತ್ತಿತ್ತು.

ಇನ್ನೂ ಒಂದು ತಮಾಷೆ ಕೇಳಿ. ಅದೇ ವರ್ಷ ಅದೇ ಡಲ್ಲಾಸ್ ತಂಡ 4ನೆಯವನಾಗಿ ಆರಿಸಿಕೊಂಡದ್ದು ನಮ್ಮ ಝೀಕ್‌ನನ್ನು. ಒಂದೇ ಮೈದಾನದಲ್ಲಿ ಎದುರುಬದುರು ಆಡಿದ ಇಬ್ಬರು ಈಗ ಒಂದೇ ಮನೆಯಲ್ಲಿ. ಝೀಕ್‌ಗೆ ನಾಲ್ಕು ವರ್ಷಕ್ಕೆ 2.49 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 165 ಕೋಟಿ ರೂಪಾಯಿ. ಸ್ಮಿತ್‌ಗೆ ಸುಮಾರು 65 ಲಕ್ಷ ಡಾಲರ್. ಅದರಲ್ಲೂ ಪೂರ್ತಿಗೆ ಖಾತರಿ ಇಲ್ಲ. ಇನ್ಶೂರೆನ್ಸ್ ಇತ್ತಲ್ಲ ಅಂತ ಕೇಳುತ್ತೀರಿ. ಇತ್ತು. ಡ್ರಾಫ್ಟ್‌ನಲ್ಲಿ ಕೆಳಗೆ ಬಿದ್ದರೆ ಇಷ್ಟು ಕೊಡುತ್ತೇವೆ ಅನ್ನುವ ಪಾಲಿಸಿ ಸಿಗುತ್ತದೆ. ಸ್ಮಿತ್‌ಗೆ ಸುಮಾರು 9 ಲಕ್ಷ ಡಾಲರ್ ಬಂತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಕೋಟಿಗಟ್ಟಲೆ ಹೋದ ಕಡೆ ಲಕ್ಷ. ನಮ್ಮ ಬೆಳೆ ವಿಮೆಯ ಹಾಗೆ, ಬಂದರೂ ತೆನೆಯ ಬೆಲೆ ಬರಲ್ಲ.

ಈ ಹುಡುಗನ ಮೊಣಕಾಲು ಫೋರ್ನೆಟ್, ಮೆಕ್ಯಾಫ್ರಿ ಇಬ್ಬರ ತಲೆಯಲ್ಲೂ ಇತ್ತು ಅಂತ ನನ್ನ ಊಹೆ. ಇಲ್ಲದಿರಲು ಹೇಗೆ ಸಾಧ್ಯ? ನನ್ನ ತಲೆಯಲ್ಲಿ ಮಾತ್ರ ಇರಲಿಲ್ಲ. ನಾವು ಬೈಯ್ಯುತ್ತಿದ್ದ ವಾರವೇ, 2016ರ ಡಿಸೆಂಬರ್ 30ಕ್ಕೆ, ಆರೆಂಜ್ ಬೌಲ್‌ನಲ್ಲಿ ಮಿಷಿಗನ್‌ನ ಜೇಕ್ ಬಟ್ ಅನ್ನುವ ಹುಡುಗನ ಮೊಣಕಾಲು ಹೋಯಿತು. ಒಳ್ಳೆಯ ಹೆಸರಿದ್ದವನು ಡ್ರಾಫ್ಟ್‌ನ ಐದನೇ ಸುತ್ತಿಗೆ ಇಳಿದ. ಫೋರ್ನೆಟ್ ಮತ್ತು ಮೆಕ್ಯಾಫ್ರಿ? 2017ರ ಡ್ರಾಫ್ಟ್‌ನಲ್ಲಿ ಒಬ್ಬ 4ನೆಯವನು, ಒಬ್ಬ 8ನೆಯವನು. ಫೋರ್ನೆಟ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.7 ಕೋಟಿ ಡಾಲರ್ ಮೇಲೆ. ಬೌಲ್ ಆಡಲಿಲ್ಲ ಅಂತ ಯಾವ ತಂಡವೂ ಮೂಗು ಮುರಿಯಲಿಲ್ಲ. ಅವರ ಕಾಲೇಜು ತಂಡಗಳು ಅವರಿಲ್ಲದೆಯೂ ಆ ಎರಡೂ ಬೌಲ್ ಗೆದ್ದವು. ನನ್ನ ಕ್ಯಾಂಟೀನ್ ಭಾಷಣ ಅಷ್ಟಕ್ಕೇ ಬಿದ್ದುಹೋಗಬೇಕಿತ್ತು.

ಬೀಳಲಿಲ್ಲ. ಅಭಿಮಾನ ಅಷ್ಟು ಸುಲಭಕ್ಕೆ ಬೀಳಲ್ಲ. 2018ರಲ್ಲಿ ನಮ್ಮವನೇ ನಿಕ್ ಬೋಸ ಸೆಪ್ಟೆಂಬರ್‌ನಲ್ಲಿ ಗಾಯ ಮಾಡಿಕೊಂಡು, ಅಕ್ಟೋಬರ್‌ನಲ್ಲಿ ಸೀಸನ್ ಅರ್ಧದಲ್ಲೇ ಕಾಲೇಜು ಬಿಟ್ಟು ಡ್ರಾಫ್ಟ್ ತಯಾರಿಗೆ ಹೋದ. ಆಗಲೂ ಬೈದೆ. ಮುಂದಿನ ಏಪ್ರಿಲ್‌ನಲ್ಲಿ ಅವನು 2ನೆಯವನಾಗಿ ಆಯ್ಕೆಯಾದ. ನಾನು ಇಲ್ಲೇ ಇದ್ದೆ, ಅದೇ ಕ್ಯಾಂಟೀನಿನಲ್ಲಿ, ಅದೇ ಮೊಸರನ್ನ.

ಕಣ್ಣು ತೆರೆಸಿದವನು ನನ್ನ ಮಗ. 2022ರ ಜನವರಿ 1. ರೋಸ್ ಬೌಲ್. ನಮ್ಮ ಎದುರು ಯೂಟಾ. ದೂರಕ್ಕೆ ಎಸೆದ ಚೆಂಡು ಹಿಡಿಯುವ ನಮ್ಮ ಎರಡು ಮುಖ್ಯ ರಿಸೀವರ್‌ಗಳು, ಗ್ಯಾರೆಟ್ ವಿಲ್ಸನ್ ಮತ್ತು ಕ್ರಿಸ್ ಒಲಾವೆ, ಆಡಲ್ಲ ಅಂದಿದ್ದರು. ಬೆಳಗ್ಗೆ ಟಿವಿಯಲ್ಲಿ ವಿಶ್ಲೇಷಕ ಕರ್ಕ್ ಹರ್ಬ್‌ಸ್ಟ್ರೀಟ್ ಮಾತಾಡುತ್ತಿದ್ದರು. ಅವರೂ ಓಹಾಯೋ ಸ್ಟೇಟ್‌ಗೆ ಆಡಿದವರೇ. ಈಗಿನ ಕಾಲದ ಹುಡುಗರಿಗೆ ಆಟದ ಮೇಲೆ ಪ್ರೀತಿಯೇ ಇಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಆಮೇಲೆ ಎಲ್ಲರನ್ನೂ ಅನ್ನಲಿಲ್ಲ ಅಂತ ಸಮಜಾಯಿಷಿ ಕೊಟ್ಟರು, ಅದು ಬೇರೆ. ನಾನು ಸೋಫಾದಲ್ಲಿ 'ಸರಿಯಾಗಿ ಹೇಳಿದ್ರು' ಅಂದೆ. ಹೈಸ್ಕೂಲಿನ ಮಗ ಸೀರಿಯಲ್ ತಿನ್ನುತ್ತಾ ಕೇಳಿದ: 'ಅಪ್ಪ, ನೀನು ಹಳೇ ಕಂಪನಿ ಬಿಡುವಾಗ ಕೊನೇ ಎರಡು ವಾರ ಏನು ಮಾಡಿದೆ?'

ಇಲ್ಲಿ ಕೂತಿರುವ ಸಾಫ್ಟ್‌ವೇರ್ ಜನರಿಗೆ ನೋಟಿಸ್ ಪೀರಿಯಡ್ ಅಂದರೇನು ಅಂತ ನಾನು ಹೇಳಬೇಕಿಲ್ಲ. ಬೆಳಗ್ಗೆ ಹತ್ತೂವರೆಗೆ ಹೋಗುವುದು, ಹ್ಯಾಂಡೋವರ್ ಡಾಕ್ಯುಮೆಂಟ್ ಅಂತ ಒಂದು ಫೈಲ್ ತೆರೆದಿಟ್ಟುಕೊಳ್ಳುವುದು, ಊಟಕ್ಕೆ ದೂರದ ಹೋಟೆಲಿಗೆ ಹೋಗುವುದು. ನಗಬೇಡಿ, ನೀವೂ ಮಾಡಿದ್ದೀರಿ. ಆ ಎರಡು ವಾರದಲ್ಲಿ ಮ್ಯಾನೇಜರ್ ಬಂದು 'ಕಂಪನಿ ಗೌರವದ ಪ್ರಶ್ನೆ, ಇವತ್ತು ಹೆಲ್ಮೆಟ್ ಇಲ್ಲದೆ ಆಗುಂಬೆ ಘಾಟಿಯಲ್ಲಿ ಬೈಕ್ ಓಡಿಸು, ಬಿದ್ದರೆ ಹೊಸ ಕೆಲಸ ನಿನ್ನ ಹಣೆಬರಹ' ಅಂದಿದ್ದರೆ ನಾನು ಹೋಗುತ್ತಿದ್ದೆನೇ? ಹೊಸ ಕಂಪನಿಯ ಆಫರ್ ಲೆಟರ್ ಕೈಗೆ ಬಂದಮೇಲೆ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದಕ್ಕೂ ಯೋಚಿಸಿದವನು.

ಸಂಜೆ ಪಂದ್ಯ ಶುರುವಾಯಿತು. ಅರ್ಧ ಆಟಕ್ಕೆ ಯೂಟಾ 35, ನಾವು 21. 'ನೋಡು, ಆ ಇಬ್ಬರು ಇದ್ದಿದ್ದರೆ' ಅಂತ ನಾನು. ಆಮೇಲೆ ಆದದ್ದನ್ನು ಈ ಊರಲ್ಲಿ ಯಾರೂ ಮರೆತಿಲ್ಲ. ಜ್ಯಾಕ್ಸನ್ ಸ್ಮಿತ್-ಇಂಜಿಗ್ಬ ಅನ್ನುವ ಹುಡುಗ ಅವತ್ತು 15 ಕ್ಯಾಚ್ ಹಿಡಿದು 347 ಯಾರ್ಡ್ ಗಳಿಸಿದ, 3 ಟಚ್‌ಡೌನ್ ಹೊಡೆದ. ಯಾವ ಬೌಲ್‌ನಲ್ಲೂ ಚೆಂಡು ಹಿಡಿದು ಯಾರೂ ಅಷ್ಟು ಯಾರ್ಡ್ ಗಳಿಸಿರಲಿಲ್ಲ. 48-45ಕ್ಕೆ ಗೆದ್ದೆವು. ದೊಡ್ಡವರು ಇಬ್ಬರೂ ಇದ್ದಿದ್ದರೆ ಅವನಿಗೆ ಅಷ್ಟು ಚೆಂಡು ಬರುತ್ತಲೇ ಇರಲಿಲ್ಲ. ಮನೆಯಲ್ಲಿ ಕೂತ ವಿಲ್ಸನ್ ಮತ್ತು ಒಲಾವೆ ಆ ಏಪ್ರಿಲ್‌ನಲ್ಲಿ 10 ಮತ್ತು 11ನೆಯವರಾಗಿ ಹೋದರು.

ಅದೇ ದಿನ ರಾತ್ರಿ ಇನ್ನೊಂದು ಪಂದ್ಯ, ಶುಗರ್ ಬೌಲ್. ಮಿಸಿಸಿಪ್ಪಿಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಮ್ಯಾಟ್ ಕೊರಾಲ್ 'ನಾನು ಆಡಿಯೇ ಆಡುತ್ತೇನೆ, ಜೊತೆಯವರನ್ನು ಬಿಡಲ್ಲ' ಅಂದವನು. ಮೊದಲ ಕ್ವಾರ್ಟರ್‌ನಲ್ಲೇ ಪಾದದ ಗಂಟು ತಿರುಚಿ ಹೊರಗೆ ಹೋದ. ಊರುಗೋಲು ಹಿಡಿದು ವಾಪಸ್ ಬಂದು, ಗೆರೆ ಆಚೆ ನಿಂತು ತಂಡಕ್ಕೆ ಚಪ್ಪಾಳೆ ತಟ್ಟಿದ. ಅವನು ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿಗೆ ಹೋದ. ಗಾಯದಿಂದಲೇ ಹಾಗಾಯಿತು ಅಂತ ಹೇಳಲು ಬರಲ್ಲ, ಬೇರೆ ಕಾರಣಗಳೂ ಇರುತ್ತವೆ. ಆದರೆ ಆ ಊರುಗೋಲು ನೋಡಿದಾಗ ಬೆಳಗ್ಗೆ ಸೋಫಾದಲ್ಲಿ ನಾನು ಆಡಿದ ಮಾತು ನೆನಪಾಗಿ ಹೇಗೋ ಆಯಿತು. ಪ್ರೀತಿ ತೋರಿಸಿದವನಿಗೆ ಸಿಕ್ಕಿದ್ದು ನಮ್ಮ ಚಪ್ಪಾಳೆ ಮಾತ್ರ ಅಲ್ವಾ?

ಸರಿ, ಈಗ ಒಂದು ಮಾತು ಕೇಳುತ್ತೇನೆ. ಈ ಆಟದಲ್ಲಿ ಕೊನೆಯ ಪಂದ್ಯದವರೆಗೂ ಇರಲೇಬೇಕಾದವರು ಯಾರ್‍ಯಾರು? ಕೋಚ್? 2009ರಲ್ಲಿ ಸಿನ್ಸಿನಾಟಿ, ಇಲ್ಲಿಂದ ಎರಡು ಗಂಟೆ ದಾರಿ, 12 ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿತ್ತು. ಮುಂದೆ ಶುಗರ್ ಬೌಲ್. ಕೋಚ್ ಬ್ರಯನ್ ಕೆಲಿ ಅದಕ್ಕೆ ಮೊದಲೇ ನೋಟರ್ ಡೇಮ್ ಕೆಲಸ ಹಿಡಿದು ಹೋದರು. ಹುಡುಗರು 51-24ಕ್ಕೆ ಸೋತರು. 2021ರಲ್ಲಿ ಅದೇ ಕೆಲಿ ನೋಟರ್ ಡೇಮ್ ಬಿಟ್ಟು ಲೂಯಿಸಿಯಾನ ಸ್ಟೇಟ್‌ಗೆ ಹೋದರು, ಮತ್ತೆ ಬೌಲ್‌ಗೆ ಮೊದಲೇ. 2025ರ ನವೆಂಬರ್ ಕೊನೆಗೆ ಮಿಸಿಸಿಪ್ಪಿಯ ಕೋಚ್ ಲೇನ್ ಕಿಫಿನ್ ಕೂಡ ಅದೇ ಲೂಯಿಸಿಯಾನ ಸ್ಟೇಟ್‌ಗೆ ಹೊರಟರು. ಅದೂ ತಂಡ ಪ್ಲೇಆಫ್ ಆಡಬೇಕಾದ ಹೊತ್ತಿನಲ್ಲಿ. ಇವರಿಗೂ ಬೈಗುಳ ಬೀಳುತ್ತವೆ, ಇಲ್ಲ ಅಂತಲ್ಲ. ಆದರೆ ಆಟದ ಮೇಲೆ ಪ್ರೀತಿ ಇಲ್ಲದವರು ಅಂತ ಇವರನ್ನು ಯಾರೂ ಅನ್ನಲ್ಲ. ವೃತ್ತಿಯಲ್ಲಿ ಮೇಲೆ ಹೋದರು ಅನ್ನುತ್ತಾರೆ.

ಹುಡುಗನಿಗೆ ಬೇರೆ ದಾರಿಯೂ ಇಲ್ಲ. ಹೈಸ್ಕೂಲು ಮುಗಿಸಿ ಮೂರು ವರ್ಷ ಆಗುವ ತನಕ ಎನ್‌ಎಫ್‌ಎಲ್ ಬಾಗಿಲು ತೆರೆಯಲ್ಲ. ಈ ನಿಯಮವನ್ನು ಕೋರ್ಟಿಗೆ ಎಳೆದವನೂ ನಮ್ಮ ಓಹಾಯೋ ಸ್ಟೇಟ್‌ನವನೇ, ಮೌರೀಸ್ ಕ್ಲಾರೆಟ್. ನಾನು ಈ ಊರಿಗೆ ಓದಲು ಬಂದದ್ದು 2002ರಲ್ಲಿ. ಆ ಚಳಿಗಾಲ ಓಹಾಯೋ ಸ್ಟೇಟ್ ಚಾಂಪಿಯನ್ ಆಯಿತು, ಫಿಯೆಸ್ಟಾ ಬೌಲ್‌ನಲ್ಲಿ ಗೆಲುವಿನ ಟಚ್‌ಡೌನ್ ಹೊಡೆದವನು ಕ್ಲಾರೆಟ್. ಆಗ ಅವನು ಮೊದಲ ವರ್ಷದ ಹುಡುಗ. 2004ರಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದ, ಮೇಲಿನ ಕೋರ್ಟಿನಲ್ಲಿ ಸೋತ. ಅದೇ ಫಿಯೆಸ್ಟಾ ಬೌಲ್‌ನಲ್ಲಿ ಎದುರಾಳಿ ಮಯಾಮಿಯ ವಿಲಿಸ್ ಮೆಗಾಹೀ ಅನ್ನುವವನ ಮೊಣಕಾಲಿನ ಮೂರು ಲಿಗಮೆಂಟ್ ಹರಿದವು. ಅದೂ ಟಿವಿಯಲ್ಲಿ ಬಂತು. ಆಗ ಅದು ಚಾಂಪಿಯನ್‌ಶಿಪ್ ಪಂದ್ಯ, ಯಾರೂ ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ. ಇವತ್ತೂ ಪ್ಲೇಆಫ್ ಇದ್ದರೆ ಬಹುತೇಕ ಹುಡುಗರು ಆಡುತ್ತಾರೆ. ಏನು ಸಿಗುತ್ತದೆ ಅಂತ ನೋಡಿ ಮೈಯೊಡ್ಡುತ್ತಾರೆ. ಚಾಂಪಿಯನ್‌ಶಿಪ್‌ಗೆ ಕಾಲು ಕೊಡಬಹುದು, ಮೇಯೊನೇಸ್‌ಗೆ ಯಾಕೆ ಕೊಡಬೇಕು?

ಸ್ಮಿತ್ ಆಡಿದ ಕಾಲದಲ್ಲಿ ಕಾಲೇಜು ಹುಡುಗರಿಗೆ ಸಂಬಳ ಇರಲಿಲ್ಲ. ಫೀಸು, ರೂಮು, ಊಟ, ಕೈಖರ್ಚಿಗೆ ಅಂತ ಒಂದಿಷ್ಟು. ಬೌಲ್ ಸಂಘಟಕರು ಹುಡುಗನಿಗೆ ಉಡುಗೊರೆ ಕೊಡಬಹುದಿತ್ತು, ಮಿತಿ 550 ಡಾಲರ್. ಒಂದು ಹೆಡ್‌ಫೋನು, ಒಂದು ಬ್ಯಾಗು, ಒಂದು ವಾಚು. ಟಿವಿ ಹಕ್ಕಿನ ದುಡ್ಡು ಕಾಲೇಜುಗಳಿಗೆ. ಬೌಲ್ ತಲುಪಿದರೆ ಕೋಚ್‌ಗೆ ಬೋನಸ್. ಈ ಬೌಲ್‌ಗಳಲ್ಲಿ ಹತ್ತಕ್ಕಿಂತ ಜಾಸ್ತಿ ಪಂದ್ಯಗಳ ಮಾಲೀಕರೇ ಇಎಸ್‌ಪಿಎನ್ ಅನ್ನುವ ಕ್ರೀಡಾ ಟಿವಿ ಕಂಪನಿಯವರು. ಟಿವಿಯಲ್ಲಿ ಕೂತು ಹುಡುಗರಿಗೆ ಪ್ರೀತಿ ಇಲ್ಲ ಅನ್ನುವ ಕಾರ್ಯಕ್ರಮವೂ ಅವರದೇ. ಇನ್ನೊಂದು ಸಂಗತಿ ನನಗೆ ತಡವಾಗಿ ಗೊತ್ತಾಯಿತು. 2002ರ ಸೀಸನ್‌ಗೆ ಮೊದಲು ಬೌಲ್‌ನಲ್ಲಿ ಓಡಿದ ಯಾರ್ಡ್‌ಗಳನ್ನು ಹುಡುಗನ ಸೀಸನ್ ಅಂಕಿಅಂಶಕ್ಕೆ ಸೇರಿಸುತ್ತಲೇ ಇರಲಿಲ್ಲ. ಆಟ ನಡೆಸುವವರೇ ಲೆಕ್ಕಕ್ಕಿಲ್ಲ ಅಂದ ಪಂದ್ಯವನ್ನು ಹುಡುಗ ಲೆಕ್ಕಕ್ಕಿಲ್ಲ ಅಂದರೆ ಮಾತ್ರ ದ್ರೋಹ.

ನನ್ನ ವಾದದಲ್ಲೂ ಒಂದು ತೂತಿದೆ, ಮುಚ್ಚಿಡಲ್ಲ. 2021ರ ಜುಲೈಯಿಂದ ಹುಡುಗರು ಜಾಹೀರಾತಿನಲ್ಲಿ ದುಡಿಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷ ಒಂದೊಂದು ಕಾಲೇಜಿಗೆ ಮಿತಿ ಸುಮಾರು 2.05 ಕೋಟಿ ಡಾಲರ್. ಲಕ್ಷಗಟ್ಟಲೆ ಪಡೆದವನು ಕೊನೆಯ ಪಂದ್ಯಕ್ಕೆ ಬರಲ್ಲ ಅಂದರೆ ಪುಕ್ಕಟೆ ದುಡಿಮೆಯ ಮಾತು ಇನ್ನು ನಡೆಯಲ್ಲ. ಇನ್ನು ಮುಂದೆ ಇದು ಕರಾರಿನ ಪ್ರಶ್ನೆ. ಬೌಲ್ ಆಡಲೇಬೇಕು ಅಂತ ಬೇಕಿದ್ದರೆ ಕಾಗದದಲ್ಲಿ ಬರೆಸಿಕೊಳ್ಳಲಿ, ಅದಕ್ಕೆ ತಕ್ಕ ಬೆಲೆ ಕೊಡಲಿ. ಪ್ರೀತಿ, ನಿಷ್ಠೆ ಅಂತ ಹಾಡುವುದಕ್ಕಿಂತ ಅದು ವಾಸಿ.

ಇಷ್ಟೆಲ್ಲ ಹೇಳಿದರೂ ಹೊಟ್ಟೆ ಉರಿಯುವ ಒಂದು ಪಂದ್ಯ ಇದೆ. 2023ರ ಆರೆಂಜ್ ಬೌಲ್. ಫ್ಲೋರಿಡಾ ಸ್ಟೇಟ್ 13ಕ್ಕೆ 13 ಗೆದ್ದಿತ್ತು. ಅವರ ಕ್ವಾರ್ಟರ್‌ಬ್ಯಾಕ್ ಕಾಲು ಮುರಿದುಕೊಂಡಿದ್ದ, ಅವನಿಲ್ಲದೆ ಮೊದಲಿನಷ್ಟು ಗಟ್ಟಿ ಇಲ್ಲ ಅಂತ ಪ್ಲೇಆಫ್‌ಗೆ ಸೇರಿಸಲಿಲ್ಲ. ತಂಡದ ಇಪ್ಪತ್ತಕ್ಕಿಂತ ಜಾಸ್ತಿ ಹುಡುಗರು ಬೌಲ್‌ಗೆ ಬರಲಿಲ್ಲ. ಉಳಿದವರು ಜಾರ್ಜಿಯಾ ಎದುರು ನಿಂತರು. 63-3. ಅಷ್ಟು ಅಂತರದ ಬೌಲ್ ಅಲ್ಲಿಯವರೆಗೆ ಆಗಿರಲಿಲ್ಲ. ನಾನು ಅರ್ಧಕ್ಕೆ ಟಿವಿ ಆರಿಸಿದೆ. ಬಾರದವರನ್ನು ನೋಡಿ ಅಲ್ಲ, ಬಂದವರನ್ನು ನೋಡಲಾಗದೆ. ಒಂದು ತಂಡದಲ್ಲಿ ನೂರರ ಹತ್ತಿರ ಹುಡುಗರು ಇರುತ್ತಾರೆ. ಎನ್‌ಎಫ್‌ಎಲ್ ಮೆಟ್ಟಿಲು ಹತ್ತುವವರು ಬೆರಳೆಣಿಕೆ. ಮಿಕ್ಕವರಿಗೆ ಬೌಲ್ ಅಂದರೆ ಜೀವನದಲ್ಲಿ ಹೆಲ್ಮೆಟ್ ಹಾಕುವ ಕೊನೆಯ ದಿನ. ಸೋಮವಾರದಿಂದ ಅವರೂ ನಮ್ಮ ಹಾಗೆ ಕೆಲಸ ಹುಡುಕಬೇಕು. ಅವರ ಆ ಕೊನೆಯ ದಿನ ಹೀಗೆ ಕಳೆಯಿತಲ್ಲ ಅಂತ ಸಂಕಟ. ಅದಕ್ಕೆ ಬಾರದವರನ್ನು ದೂರಲೇ? ಹದಿಮೂರು ಗೆದ್ದರೂ ಸಾಲದು ಅಂದವರನ್ನು ದೂರುವುದು ನನಗೆ ಸುಲಭ.

2025ರ ಡಿಸೆಂಬರ್‌ನಲ್ಲಿ ಇದು ಇನ್ನೊಂದು ಮಜಲಿಗೆ ಹೋಯಿತು. ನೋಟರ್ ಡೇಮ್ 10 ಗೆದ್ದು 2 ಸೋತಿತ್ತು, ಪ್ಲೇಆಫ್‌ನ 12ರಲ್ಲಿ ಜಾಗ ಸಿಗಲಿಲ್ಲ. ಅವರು ಬೇರೆ ಬೌಲ್ ಬೇಡ ಅಂತ ಇಡೀ ತಂಡವನ್ನೇ ಮನೆಗೆ ಕಳಿಸಿದರು. ಜೇಲನ್ ಸ್ಮಿತ್‌ನ ನೋಟರ್ ಡೇಮ್! ಅವರಿಗೆ ಇದು ಹೊಸದೂ ಅಲ್ಲ. 1925ರ ರೋಸ್ ಬೌಲ್ ಆದಮೇಲೆ ಓದಿಗೆ ತೊಂದರೆ ಅಂತ 1970ರ ಜನವರಿವರೆಗೆ ಒಂದು ಬೌಲನ್ನೂ ಆಡಿರಲಿಲ್ಲ. ಇಪ್ಪತ್ತೊಂದರ ಹುಡುಗ ಮಾಡಿದರೆ ಸ್ವಾರ್ಥ, ವಿಶ್ವವಿದ್ಯಾಲಯ ಮಾಡಿದರೆ ನೀತಿ. ಟಿವಿಯವರು ಈ ಸಲ ಏನನ್ನುತ್ತಾರೆ ಅಂತ ಕಾದು ಕೂತಿದ್ದೆ.

ನನ್ನ ಮಾತು ಇಷ್ಟು.

(ಕೊನೆಯಲ್ಲಿ ಎರಡು ಪ್ರಶ್ನೆ ಬಂದವು. ಒಬ್ಬರು ರಣಜಿ ಬಿಟ್ಟು ಐಪಿಎಲ್‌ಗೆ ತಯಾರಾಗುವವರೂ ಹೀಗೇ ಅಲ್ವಾ ಅಂದರು. ಸ್ವಲ್ಪ ಹೀಗೇ ಅಂದೆ. ಆದರೆ 2024ರಲ್ಲಿ ಶ್ರೇಯಸ್ ಅಯ್ಯರ್, ಇಶಾನ್ ಕಿಶನ್ ಹೆಸರನ್ನು ಗುತ್ತಿಗೆ ಪಟ್ಟಿಯಿಂದ ಬಿಟ್ಟದ್ದು ಅವರಿಗೆ ಸಂಬಳ ಕೊಡುತ್ತಿದ್ದ ಮಂಡಳಿ. ಕೊಡುವವರು ಕೇಳಿದರು. ಇಲ್ಲಿ ಇಷ್ಟು ವರ್ಷ ಕೊಡದವರು ಕೇಳುತ್ತಿದ್ದರು.

ಇನ್ನೊಂದು ಪ್ರಶ್ನೆ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಅಜ್ಜಿಯದು. ಮಗಳ ಬಾಣಂತನಕ್ಕೆ ಅಂತ ತುಮಕೂರಿಂದ ಬಂದವರು. 'ಅದೆಲ್ಲ ಇರಲಿ ಕಣಪ್ಪ, ಆ ಹುಡುಗನ ಕಾಲು ಏನಾಯ್ತು?'

ಹೇಳಿದೆ. ಒಂದು ವರ್ಷ ಪೂರ್ತಿ ಆಡಲಿಲ್ಲ. ನರ ನಿಧಾನಕ್ಕೆ ಎದ್ದಿತು. 2017ರಲ್ಲಿ ಪಾದ ಜೋತುಬೀಳದಂತೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಇಳಿದ, 16 ಪಂದ್ಯಗಳನ್ನೂ ಆಡಿದ. 2019ರಲ್ಲಿ ಡಲ್ಲಾಸ್ ಅವನಿಗೆ 5 ವರ್ಷಕ್ಕೆ 6.4 ಕೋಟಿ ಡಾಲರ್‌ನ ಹೊಸ ಕರಾರು ಕೊಟ್ಟಿತು. ಎರಡು ವರ್ಷಕ್ಕೆ, 2021ರ ಅಕ್ಟೋಬರ್‌ನಲ್ಲಿ, ಸೀಸನ್ ನಡುವೆಯೇ ತಂಡದಿಂದ ತೆಗೆಯಿತು. ಫೋರ್ನೆಟ್, ಮೆಕ್ಯಾಫ್ರಿ ಆಡಲ್ಲ ಅಂದ ಆ ಡಿಸೆಂಬರ್‌ನಲ್ಲಿ, ಪಾದ ಇನ್ನೂ ಪೂರಾ ಏಳದ ಹೊತ್ತಿನಲ್ಲಿ, ಅವನೇ ಟ್ವಿಟರ್‌ನಲ್ಲಿ ಬರೆದಿದ್ದ: ಮತ್ತೆ ಆ ಜನವರಿ 1ಕ್ಕೆ ಹೋಗಲು ಆದರೆ ಮತ್ತೆ ಆಡುತ್ತೇನೆ ಅಂತ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅವನ ತಾಯಿನ ಯಾರಾದ್ರೂ ಕೇಳಿದ್ರಾ?' ಅಂದರು. ಅಷ್ಟರಲ್ಲಿ ಹಿಂದಿನಿಂದ ಪೊಂಗಲ್ ಬಿಸಿಯಾಯಿತು ಅಂತ ಕೂಗಿದರು.)